ಎಪ್ಪತ್ತು ಗ್ರಾಂ ಜಗಳ

ಚಳ್ಳಕೆರೆಯಲ್ಲಿ ಈಚೆಗೆ ನಡೆದ ಮಹಾಕಲಹಗಳಲ್ಲಿ ಮೊದಲ ಸ್ಥಾನ ಎಪ್ಪತ್ತು ಗ್ರಾಂಗೆ ಸಲ್ಲಬೇಕು. ಒಂದು ದೊಡ್ಡ ನಿಂಬೆಹಣ್ಣಿನ ಭಾರ. ಅಷ್ಟಕ್ಕಾಗಿ ಮೊಳಕಾಲ್ಮೂರಿನ ನೇಕಾರ ದೇವೇಂದ್ರನೂ ಆಸ್ಪತ್ರೆಯ ನರ್ಸ್ ರಂಜಿತಾಳೂ ತಿಂಗಳಿಡೀ ಹಲ್ಲು ಕಡಿದರು.

ತೂಕ ಒಂದು ಮಗುವಿನದು; ಮಗು ದೇವೇಂದ್ರನ ಅಕ್ಕ ಮಾಲತಿಯದು. ಏಳೂವರೆ ತಿಂಗಳಿಗೇ ಹುಟ್ಟಿ ಗಾಜಿನ ಆಚೆ, ಶಿಶುಗಳ ಐಸಿಯುನಲ್ಲಿ ಮಲಗಿತ್ತು. ರಂಜಿತಾಳ ಕೆಲಸ ಗಾಜಿನ ಈಚೆ: ಅಳುವ ತಾಯಂದಿರ ಪಕ್ಕ ಕೂರುವುದು, ಹಾಲು ಹಿಂಡಿ ಬಟ್ಟಲಿಗೆ ತೆಗೆಯಲು ಕಲಿಸುವುದು, ಹೆದರಿದವರನ್ನು ಕೈಹಿಡಿದು ಒಳಗೆ ಕರೆದೊಯ್ಯುವುದು. ತಾಯಂದಿರ ಮುಂದೆ ಬೆಣ್ಣೆಯಂಥ ದನಿ. ಅವರ ನೆಂಟರ ಮುಂದೆ ಆ ದನಿಗೆ ರಜೆ.

ನಾಲ್ಕನೇ ದಿನ ದೇವೇಂದ್ರ ತೂಕದ ಚೀಟಿ ಹಿಡಿದು ತಾಯಂದಿರ ಕೋಣೆಯ ಬಾಗಿಲಿಗೇ ಬಂದ.

“ಏನ್ರಿ ಸಿಸ್ಟರ್, ಹುಟ್ಟಿದಾಗ ಸಾವಿರದ ನಾನೂರು ಇತ್ತು. ಇವತ್ತು ಎಪ್ಪತ್ತು ಗ್ರಾಂ ಕಮ್ಮಿ ಐತೆ. ಎಲ್ಲಿಗೋಯ್ತು?”

“ನಾನು ತಿಂದೆ.”

“ತಮಾಷೆ ಬ್ಯಾಡ್ರಿ. ನಮ್ಮಲ್ಲಿ ಸಾಹುಕಾರ್ರು ರೇಷ್ಮೆ ತೂಗಿ ಕೊಡ್ತಾರೆ, ಸೀರೆ ತೂಗಿ ಇಸ್ಕೊಂತಾರೆ. ಕಮ್ಮಿ ಬಂದ್ರೆ ಯಾರ ಕೈಲಿತ್ತೋ ಅವರೇ ಕಳ್ಳರು.”

ಒಳಗಿದ್ದ ಮಾಲತಿ ಕೇಳಿಸಿಕೊಂಡಳು. ಮಗುವಿಗೆ ಹೋಗುತ್ತಿದ್ದುದು ಅವಳ ಹಾಲು. ಹಾಗಾದರೆ ಕಳ್ಳಿ ಯಾರೆಂದು ಅವಳೇ ತೀರ್ಮಾನಿಸಿಕೊಂಡಳು. ಮಧ್ಯಾಹ್ನ ಬಟ್ಟಲಿನ ತಳ ಮಾತ್ರ ಒದ್ದೆಯಾಯಿತು.

“ನಾನು ಮಗು ಹತ್ರ ಬರಲ್ಲ ಸಿಸ್ಟರ್. ನನ್ನ ಹಾಲೇ ಸರಿ ಇಲ್ಲ,” ಎಂದು ಗೋಡೆಯ ಕಡೆ ತಿರುಗಿದಳು.

ರಂಜಿತಾ ಕಾರಿಡಾರಿಗೆ ಬಂದಳು. ದೇವೇಂದ್ರ ಬೆಂಚಿನ ಮೇಲಿದ್ದ. ಹುಬ್ಬಿಗೆ ಒಂದೆಳೆ ಹಸಿರು ರೇಷ್ಮೆ ಅಂಟಿತ್ತು. ಅದು ಚೆನ್ನಾಗಿ ಕಾಣುತ್ತಿದೆ ಅನ್ನಿಸಿದ್ದಕ್ಕೆ ಅವಳಿಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

“ನಿಮ್ಮಿಂದ ನಿಮ್ಮಕ್ಕನ ಹಾಲು ನಿಂತೋಗ್ತಿದೆ. ಮಗು ಉಳಿಯೋದು ಆ ಹಾಲಿಂದ. ಗೊತ್ತಾ?”

ಅವನ ಮುಖ ಬಿಳುಚಿತು. ಆದರೂ ಬಾಯಿ ಸುಮ್ಮನಿರಲಿಲ್ಲ. “ಮತ್ತೆ ತೂಕ?”

“ನಮ್ಮಪ್ಪ ನಿಮ್ಮೂರ ಪಕ್ಕದ ಸಿದ್ದಾಪುರದಲ್ಲಿ ಕುರಿ ಕಾಯೋನು. ನೆಂದ ಉಣ್ಣೆ ತೂಗಿ, ಒಣಗಿದ ಮೇಲೆ ತೂಗಿದ್ರೆ ಕಮ್ಮಿ ಬರುತ್ತೆ. ಯಾರು ಕದ್ರು?”

“ಉಣ್ಣೆ ಬೇರೆ, ರೇಷ್ಮೆ ಬೇರೆ ಕಣ್ರಿ.”

“ನೀರು ಒಂದೇ. ಮಗು ಇಷ್ಟು ದಿನ ನೀರಲ್ಲೇ ಇತ್ತು. ಮೊದಲ ವಾರ ಎಲ್ಲಾ ಮಕ್ಕಳೂ ಇಳೀತವೆ, ಆಮೇಲೆ ಏರ್ತವೆ.”

ದೇವೇಂದ್ರ ಚೀಟಿ ಮಡಚಿದ. “ಈಮೆಕಿ ಪೊಗರು ಎಕ್ಕುವ,” ಎಂದು ತೆಲುಗಿನಲ್ಲಿ ಗೊಣಗಿದ.

“ಎಕ್ಕುವೇ,” ಎಂದಳು ಅವಳೂ ತೆಲುಗಿನಲ್ಲೇ. “ಪೊಗರು ಜಾಸ್ತಿನೇ. ಈಗ ಹೋಗಿ, ಎಲ್ಲಾ ತಾಯಂದಿರ ಮುಂದೆ ತಪ್ಪಾಯ್ತು ಅನ್ನಿ.”

ಆರು ಮಂದಿ ತಾಯಂದಿರ ಮುಂದೆ ಅವನು ಕಿವಿ ಹಿಡಿದು ನಿಂತ. “ಅಕ್ಕ, ಅದು ನೀರಿನ ತೂಕವಂತೆ. ಯಾರೂ ಕದ್ದಿಲ್ಲ. ನಾನೇ ದಡ್ಡ.”

“ಬೆಳಗಿಂದ ಸಾಯಿಸಿದೆಯಲ್ಲೋ!” ಮಾಲತಿ ಟವೆಲ್ಲನ್ನು ಅವನ ಮುಖಕ್ಕೆ ಎಸೆದಳು. ಆಮೇಲೆ ಎದ್ದಳು. “ನಡೀರಿ ಸಿಸ್ಟರ್.”

ಐಸಿಯು ಒಳಗೆ ರಂಜಿತಾ ಮಗುವನ್ನು ಮಾಲತಿಯ ಬರಿಯೆದೆಗೆ ಒರಗಿಸಿ ಬಟ್ಟೆ ಸುತ್ತಿದಳು. ಸಂಜೆಯ ಹೊತ್ತಿಗೆ ಬಟ್ಟಲು ಅರ್ಧ ತುಂಬಿತು.

ಇಷ್ಟಕ್ಕೆ ಜಗಳ ಮುಗಿಯಬೇಕಿತ್ತು. ದೇವೇಂದ್ರ ದಿನಾ ಹೊಸ ತಕರಾರು ತಂದ.

“ನಿಮ್ಮ ಗಡಿಯಾರ ಐದು ನಿಮಿಷ ಮುಂದೈತೆ.”

“ನಿಮ್ಮನ್ನ ಬೇಗ ಕಳಿಸೋಕೆ ನಾನೇ ತಿರುಗಿಸಿದೀನಿ.”

ಒಂದು ದಿನ ಅವನು ಬರಲಿಲ್ಲ. ಅವಳು ಬಾಗಿಲಿನ ಕಡೆ ಎಷ್ಟು ಸಲ ನೋಡಿದಳೆಂಬುದನ್ನು ತಾಯಂದಿರೆಲ್ಲ ಎಣಿಸಿದರು.

“ನಿನ್ನೆ ಎಲ್ಲಿ ಹಾಳಾಗಿದ್ರಿ?”

“ಮಗ್ಗದ ಕೆಲಸ ಇತ್ತು. ಯಾಕೆ, ಹುಡುಕಿದ್ರಾ?”

“ನೆಮ್ಮದಿಯಾಗಿತ್ತು. ಯಾಕೆ ಅಂತ ವಿಚಾರಿಸಿದೆ.”

ಮಗು ಮನೆಗೆ ಹೊರಟ ದಿನ ಅವನು ಚೀಲ ಹಿಡಿದು ಬಾಗಿಲಲ್ಲೇ ನಿಂತ.

“ನಾಳಿಂದ ಯಾರ ಹತ್ರ ಜಗಳ ಆಡ್ತೀರಿ?” ಎಂದಳು ರಂಜಿತಾ.

“ನೀವು ಹೂಂ ಅಂದ್ರೆ ನಿಮ್ಮತ್ರನೇ. ಸಾಯೋಗಂಟ.”

ಅವಳ ಕಿವಿ ಕೆಂಪಾಯಿತು. ನಾಲಗೆ ಮಾತ್ರ ಸೋಲಲಿಲ್ಲ. “ಕುರಿ ಕಾಯೋರ ಹುಡುಗೀನ ನಿಮ್ಮವ್ವ ಒಳಗೆ ಬಿಟ್ಕೊಂತಾಳಾ?”

“ಇಲ್ಲ. ನೇಕಾರನ್ನ ನಿಮ್ಮಪ್ಪ?”

“ನಾಯಿ ಬಿಡ್ತಾನೆ.”

“ಬಿಡ್ಲಿ. ನಾನು ಓಡಲ್ಲ.”

“ನಾನೂ ಓಡಲ್ಲ,” ಎಂದಳು.

“ಇಬ್ರೂ ಮೆತ್ತಗೆ ಮಾತಾಡ್ರಿ,” ಎಂದಳು ಮಾಲತಿ. “ಕೂಸು ಎದ್ದೇಳ್ತೈತೆ.”

ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಆಯಿತು. ಎರಡೂ ಮನೆಗಳಿಂದ ಬಂದವಳು ಮಾಲತಿ ಒಬ್ಬಳೇ. ಮಗುವನ್ನೆತ್ತಿಕೊಂಡೇ ಸಾಕ್ಷಿ ಸಹಿ ಹಾಕಿದಳು.