ಬಸವಪ್ರಭುಗಳ ಆಲ್ಟ್ ಕೀ

ಮರಳೂರಿನಲ್ಲಿ ಇಪ್ಪತ್ತು ವರ್ಷದಿಂದ ಕೀಬೋರ್ಡ್ ರಿಪೇರಿ ಮಾಡುತ್ತಿದ್ದೇನೆ. ನನ್ನ ಕೈಗೆ ಬಂದ ಒಂದೂ ಸರಿಯಾಗದೆ ವಾಪಸ್ ಹೋಗಿಲ್ಲ. ಆಯುಧಪೂಜೆಯ ಮಾರನೇ ವಾರ ಅನುಪಮಾ ತನ್ನ ತಂದೆಯ ಕೀಬೋರ್ಡ್ ತಂದಳು. ತಮ್ಮ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದ ಬಸವಪ್ರಭುಗಳು ತೀರಿಕೊಂಡು ಎರಡು ವರ್ಷವಾಗಿತ್ತು. ಪೂಜೆಯ ಕುಂಕುಮ ಇಳಿದು ಆಲ್ಟ್ ಕೀ ಅಂಟಿಕೊಂಡಿತ್ತು.

“ಆಲ್ಟ್ ಒತ್ಕೊಂಡು ನಂಬರ್ ಹೊಡೆದು ಓಂ ಹಾಕ್ದೆ ಅಪ್ಪ ಯಾವ ಕಾರ್ಡೂ ಶುರು ಮಾಡ್ತಿರ್ಲಿಲ್ಲ ಸರ್,” ಎಂದಳು.

ಮಧ್ಯಾಹ್ನ ಕೀಗಳನ್ನೆಲ್ಲ ಕಿತ್ತು, ಒರೆಸಿ, ಬಟ್ಟಲಿಗೆ ಹಾಕಿದೆ. ಆಲ್ಟ್ ಒಂದೇ, ಯಾರೋ ಈಗಷ್ಟೇ ಬೆರಳು ತೆಗೆದಂತೆ ಬೆಚ್ಚಗಿತ್ತು. ಬಟ್ಟಲಲ್ಲಿ ಟಕಟಕ ಸದ್ದಾಯಿತು. ನನ್ನ ಕಂಪ್ಯೂಟರಿನ ಪರದೆಯ ಮೇಲೆ ಓಂ ಮೂಡಿತು. ಆ ಕೀಬೋರ್ಡಿನ ವೈರನ್ನು ನಾನಿನ್ನೂ ಸಿಕ್ಕಿಸಿರಲೇ ಇಲ್ಲ.

ಆದರೂ ಕೆಲಸ ಬಿಡಲಿಲ್ಲ. ಜೋಡಿಸಿ ಕೊಟ್ಟೆ.

ಮರುದಿನ ಅನುಪಮಾ ಫೋನ್ ಮಾಡಿದಳು. “ಸೂಪರ್ ರಿಪೇರಿ ಸರ್, ಒಂದು ಕೀನೂ ಅಂಟ್ತಿಲ್ಲ. ಬೆಳಿಗ್ಗೆ ಅಂಗಡಿ ಬಾಗ್ಲು ತೆಗೆದ್ರೆ ಎರಡು ಕಾರ್ಡ್ ಆಗ್ಲೇ ಟೈಪ್ ಆಗಿದಾವೆ.”