ಭಾವ ಅಳಿಸಿದ ಪೆನ್‌ಡ್ರೈವ್

ಅಕ್ಕನ ಗಂಡನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಹಾಗೆಂದು ಅವರೇ ಹೇಳುತ್ತಾರೆ. “ಬಯೋಸ್ ಅಂತ ಒಳಗಡೆ ಒಂದು ಪ್ರೋಗ್ರಾಂ ಇರುತ್ತೆ, ಅದು ಅಪ್‌ಡೇಟ್ ಆದ್ಮೇಲೇ ನಿನ್ನ ಲ್ಯಾಪ್‌ಟಾಪ್ ಬಿಸಿಯಾಗ್ತಿರೋದು. ಹಳೇ ವರ್ಷನ್ ಹಾಕಿದ್ರೆ ಆಯ್ತು,” ಎಂದು ಆ ಮಧ್ಯಾಹ್ನ ಬಂದು ಕೂತರು. ನಾನು ಚಹಾ ತರುವಷ್ಟರಲ್ಲಿ ಮೇಜಿನ ಮೇಲಿದ್ದ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಇದ್ದದ್ದನ್ನೆಲ್ಲ ಅಳಿಸಿ, ಅದರಿಂದಲೇ ಯಂತ್ರ ಶುರುವಾಗುವಂತೆ ಮಾಡಿಬಿಟ್ಟಿದ್ದರು.

“ಭಾವ, ಅದರಲ್ಲಿ ಅಮ್ಮನ ಧ್ವನಿ ಇತ್ತು. ಬೇರೆಲ್ಲೂ ಇಲ್ಲ.”

“ಬ್ಯಾಕಪ್ ಇಟ್ಕೋಬೇಕಪ್ಪ! ಓದಿದೋಳು ಬೇರೆ!”

ನಾನು ಪರದೆಯನ್ನೇ ನೋಡುತ್ತಿದ್ದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಬಿಳಿ ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಲ್ಯಾಪ್‌ಟಾಪಿನೊಳಗಿನ ಫ್ಯಾನಿನ ಸದ್ದೂ ನಿಂತಿತು, ಆದರೆ ಅದರ ಕಿಂಡಿಯಿಂದ ತಣ್ಣನೆಯ ಗಾಳಿ ಬರುತ್ತಲೇ ಇತ್ತು. ಕೀಲಿಗಳ ಮೇಲೆ ಹನಿ ಕಟ್ಟಿತು.

“ಇದೆಲ್ಲ ಮಾಮೂಲಿ,” ಎಂದರು ಭಾವ, ಬೆವರು ಒರೆಸಿಕೊಳ್ಳುತ್ತ.

ಆಗ ಸ್ಪೀಕರಿನಲ್ಲಿ ಅಮ್ಮ ಗಂಟಲು ಸರಿಮಾಡಿಕೊಂಡಳು. “ಪುಟ್ಟೀ, ಈ ದಡ್ಡನ ಕೈಗೆ ಯಾಕೆ ಕೊಟ್ಟೆ?”

ಭಾವ ಪೆನ್‌ಡ್ರೈವ್ ಕಿತ್ತು ನೆಲಕ್ಕೆಸೆದರು. “ನನ್ನ ಬೈಯೋಕೆ ಅಂತಾನೇ ರೆಕಾರ್ಡ್ ಮಾಡಿಟ್ಟಿದ್ರಾ, ಅಮ್ಮ ಮಗಳು ಸೇರಿ?”

ಅಕ್ಕನ ಮದುವೆಯ ಮಾತು ಶುರುವಾಗುವ ಮೊದಲೇ ಅಮ್ಮ ತೀರಿಹೋಗಿದ್ದಳು. ಈ ಮಹಾಶಯರನ್ನು ಅವಳು ಕಣ್ಣಾರೆ ನೋಡಿದವಳಲ್ಲ. ಇವರ ಹೆಸರು ಕೂಡ ಅವಳ ಕಿವಿಗೆ ಬಿದ್ದಿರಲಿಲ್ಲ.