ರಾಜಬಿ ಹಾಕಿದ ಸೆಲ್ಲು

ಯಂಕವ್ವ ಕೊಳವೆಯನ್ನು ಬಾಯಿಯ ಹತ್ತಿರ ಹಿಡಿದು, "ಉಸಿರು ಕೊಡವಾ" ಎಂದಳು. ಕೊಳವೆಯ ತುದಿಯಲ್ಲಿ ಸಾಸಿವೆಕಾಳಿನಷ್ಟು ಕೆಂಪು ದೀಪ ಹೊತ್ತಿತು. ಒಳಗಿನ ತಂತಿಸುರುಳಿ ಕಾಯಿತು, ಔಷಧದ ಹನಿ ಆವಿಯಾಯಿತು, ಆ ತೆಳ್ಳನೆಯ ಬಿಳಿ ಆವಿ ಅವಳ ಎದೆಗಿಳಿಯಿತು. ಹನ್ನೆರಡು ಸಲ ಎಳೆದ ಮೇಲೆ ಯಂತ್ರ ತಾನಾಗಿಯೇ ನಿಂತಿತು. ಹೊಸ ಸೆಲ್ಲು ಹಾಕಿಸಿಕೊಂಡ ಸಂತೋಷಕ್ಕೆ ಯಂಕವ್ವ ರಾಜಬಿಯ ಅಂಗಡಿಯ ಬೆಂಚಿನಿಂದ ಯಾರ ಕೈಯನ್ನೂ ಹಿಡಿಯದೆ ಎದ್ದು ಮನೆಯ ಕಡೆ ನಡೆದಳು.

ಇಳಕಲ್ಲಿನ ಗಣಿಗಳಲ್ಲಿ ಕಲ್ಲು ಕೊರೆದವರ ಎದೆಯಲ್ಲಿ ಧೂಳು ಕೂತುಬಿಡುತ್ತದೆ. ಆ ಧೂಳು ಉಸಿರನ್ನು ದಿನದಿನಕ್ಕೂ ಗಿಡ್ಡ ಮಾಡುತ್ತ ಹೋಗುತ್ತದೆ. ಈ ಶತಮಾನದ ನಡುವಿನಲ್ಲಿ ಅದಕ್ಕೊಂದು ಮದ್ದು ಸಿಕ್ಕಿತು. ನುಂಗಿದರೆ ಅದು ಕೆಲಸ ಮಾಡದು, ಸರಿಯಾದ ಬಿಸಿಯಲ್ಲಿ ಆವಿಯಾಗಿ ಪುಪ್ಪುಸಕ್ಕೆ ಹೋಗಬೇಕು. ವಿಜ್ಞಾನಿಗಳು ಯಂತ್ರಕ್ಕಾಗಿ ಬಹಳ ದೂರ ಹುಡುಕಬೇಕಾಗಲಿಲ್ಲ. ಅಜ್ಜಂದಿರ ಕಾಲದಲ್ಲಿ ಪಡ್ಡೆಗಳು ಶೋಕಿಗೆ ಸೇದುತ್ತಿದ್ದ, ಸಿಕ್ಕಿಬಿದ್ದರೆ ಅಪ್ಪನ ಕೈಯಿಂದ ಒದೆ ತಿನ್ನುತ್ತಿದ್ದ ವೇಪ್ ಇತ್ತಲ್ಲ, ಅದನ್ನೇ ತೊಳೆದು ಬಳಿದು ಉಸಿರುಗೊಳವೆ ಎಂದು ಹೆಸರಿಟ್ಟರು. ಗಣಿಯಲ್ಲಿ ಬೆರಳು ಕಳೆದುಕೊಂಡವರು ಗುಂಡಿ ಒತ್ತಲಾರರು. ಹಾಗಾಗಿ ಮಾತು ಕೇಳಿ ನಡೆಯುವ ಒಂದು ಚಿಪ್ಪನ್ನು, ಆಲಿಬಿಲ್ಲೆ ಎಂದು ಹೆಸರಿಟ್ಟು, ಅದರೊಳಗೆ ಕೂರಿಸಿದರು. ಇಷ್ಟರ ಮಟ್ಟಿಗೆ ಪುಣ್ಯದ ಕೆಲಸವೇ.

ಆ ಪುಣ್ಯವನ್ನು ಕೊಳವೆ ತಯಾರಿಸುವ ಕಂಪನಿಯವರು ಅಂಟು ಹಾಕಿ ಮುಚ್ಚಿದ್ದೇ ತಕರಾರು. ಚಾರ್ಜು ಮಾಡುವ ಸೆಲ್ಲು ಯಾವುದಾದರೂ ಎರಡು ವರ್ಷಕ್ಕೆ ಸೋಲುತ್ತದೆ. ಇದು 'ಪ್ರಾಣದಾ' ಕಂಪನಿಗೆ ತಿಳಿಯದ ಸಂಗತಿಯಲ್ಲ. ಆದರೂ ಸೆಲ್ಲನ್ನು ಯಾರೂ ತೆಗೆಯದಂತೆ ಅಂಟಿನಲ್ಲಿ ಹೂತು, ಸೋತರೆ ಕೊಳವೆಯನ್ನು ಬೆಂಗಳೂರಿಗೆ ಕಳಿಸಿ ಇಪ್ಪತ್ತೊಂದು ದಿನ ಕಾಯಿರಿ ಎಂದು ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಇಪ್ಪತ್ತೊಂದು ದಿನ ಉಸಿರಾಡದೆ ಕೂರಲು ಬರುವುದಾಗಿದ್ದರೆ ಆ ಯಂತ್ರವಾದರೂ ಯಾಕೆ ಬೇಕಿತ್ತು? ಅದನ್ನು ಬರೆದ ಮಹಾಶಯ ಕಲ್ಲುಪುಡಿ ಮಾಡುವ ಯಂತ್ರದ ಪಕ್ಕದಲ್ಲಿ ಒಂದು ಗಳಿಗೆಯೂ ನಿಂತವನಲ್ಲ.

ಆದ್ದರಿಂದ ಊರಿನವರು ರಾಜಬಿ ನದಾಫಳ ಅಂಗಡಿಗೆ ಬರುತ್ತಿದ್ದರು. ಐವತ್ತೆರಡರ ಈ ಹೆಂಗಸು ಗಣಿಯ ಯಂತ್ರಗಳ ಬ್ಯಾಟರಿ ಕೆಲಸವನ್ನು ಗಂಡನಿಂದ ಕಲಿತವಳು. ಗಂಡ ಅದೇ ಧೂಳಿಗೆ ಹೋದ ಮೇಲೆ ಅಂಗಡಿ ಅವಳದಾಯಿತು. ಅವಳ ಕೆಲಸಕ್ಕೆ ಒಂದು ಶಿಸ್ತಿತ್ತು. ಬಿಸಿನೀರಿನ ಬಟ್ಟೆ ಸುತ್ತಿ ಅಂಟನ್ನು ಮೆತ್ತಗೆ ಮಾಡುವಳೇ ಹೊರತು ಚಾಕು ಹಾಕಿ ಮೀಟುತ್ತಿರಲಿಲ್ಲ. ಎರಡು ತಂತಿಗಳನ್ನು ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಅವೆರಡನ್ನೂ ಕೂಡಿಸಿ ಕಿಡಿ ಹಾರಿಸುತ್ತದೆ ಎಂದು ಒಂದೊಂದನ್ನೇ ಬಿಡಿಸಿ ತುದಿಗೆ ಟೇಪು ಸುತ್ತುವಳು. ಹೊಸ ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಉಗುರಿನಷ್ಟು ಹರಿದಿದ್ದರೂ ಬದಿಗಿಡುವಳು. ಪ್ಲಸ್ ಕಡೆ ಬೇರೆಲ್ಲೂ ತಾಗದಂತೆ ಕಾಗದದ ಉಂಗುರ, ಆಮೇಲೆ ಮೀಟರು ಹಿಡಿದು ಎರಡು ಸಲ ನೋಡುವುದು, ಆಮೇಲೆ ತಂತಿ ಕೂಡಿಸುವ ನಿಕಲ್ ಪಟ್ಟಿ. ಪಟ್ಟಿಯನ್ನು ಚುಕ್ಕೆಬೆಸುಗೆಯ ಯಂತ್ರದಿಂದಲೇ ಕೂಡಿಸಬೇಕು. ಕಾದ ಬೆಸುಗೆಕಡ್ಡಿಯನ್ನು ಸೆಲ್ಲಿನ ಮೈಗೆ ತಾಗಿಸುವವನನ್ನು ಅವಳು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಕೊನೆಗೆ ಕೊಳವೆಯ ಬುಡದಲ್ಲಿ ಸೂಜಿಯಷ್ಟು ರಂಧ್ರ ಬಿಡುವಳು. ಸೆಲ್ಲು ಎಂದಾದರೂ ಕೆಟ್ಟು ಒಳಗೆ ಅನಿಲ ತುಂಬಿದರೆ ಅದು ಬಾಯಿಯ ಕಡೆ ಬರದೆ ಕೆಳಗಿನಿಂದ ಹೋಗಲಿ ಎಂಬುದು ಅವಳ ಲೆಕ್ಕ. ಮೂರು ವರ್ಷದಲ್ಲಿ ನೂರ ನಲವತ್ತು ಕೊಳವೆಗಳಿಗೆ ಸೆಲ್ಲು ಹಾಕಿದ್ದಳು, ಒಂದೂ ಕೆಟ್ಟಿರಲಿಲ್ಲ.

ಯಂಕವ್ವ ಸೆಲ್ಲು ಹಾಕಿಸಿಕೊಂಡು ಹೋದ ಐದನೆಯ ದಿನ, ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ಅವಳ ಕೊಳವೆ ಕೆಂಡವಾಗಿ ಬುಡದಿಂದ ಬುಸ್ಸೆಂದು ಹೊಗೆ ಕಾರಿತು. ಬಲಗೈಯಲ್ಲಿ ಉಳಿದಿದ್ದ ಮೂರು ಬೆರಳು, ಅಂಗೈ ಸುಟ್ಟವು. ಪಕ್ಕದಲ್ಲೇ ಬಾಣಂತನಕ್ಕೆ ಬಂದಿದ್ದ ತುಂಬು ಬಸುರಿ ಮೊಮ್ಮಗಳು ಕೂತಿದ್ದಳು. ಅವಳಿಗೇನೂ ಆಗಲಿಲ್ಲ.

ಸುದ್ದಿ ಕಂಪನಿಗೆ ಮುಟ್ಟಿದ ಅರ್ಧ ಗಂಟೆಯಲ್ಲಿ, ಸೆಲ್ಲಿಗೆ ಕೋಶ ಎನ್ನುವ ಅವರ ಕನ್ನಡದಲ್ಲಿ, ಉತ್ತರ ಬಂತು. ಅಪಘಾತಕ್ಕೆ ಅನಧಿಕೃತ ಕೋಶ ಮತ್ತು ದೋಷಪೂರಿತ ಜೋಡಣೆಯೇ ಕಾರಣ. ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಸದರಿ ಅಂಗಡಿಯಲ್ಲಿ ತೆರೆಯಲಾದ ಎಲ್ಲ ಕೊಳವೆಗಳನ್ನು ದೂರದಿಂದಲೇ ನಿದ್ರೆಗೆ ಹಾಕಲಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ಊರು ನೋಡಿತ್ತು. ಇವರು ಊರಿನ ಎಮ್ಮೆಗಳಿಗೆಲ್ಲ ಒಂದೇ ಸಲ ಬರೆ ಹಾಕಿದರು. ಉಳಿದ ನೂರ ಮೂವತ್ತೊಂಬತ್ತು ಜನ ಕೊಳವೆಯನ್ನು ಬಾಯಿಗೆ ಹಿಡಿದು "ಉಸಿರು ಕೊಡು" ಎಂದು ಕೇಳುತ್ತಲೇ ಇದ್ದರು, ಅದು ಸುಮ್ಮನಿತ್ತು.

ರಾಜಬಿಗೆ ಮೊದಲು ಬಂದದ್ದು ಭಯ. ತನ್ನ ಕೈಯೇ ತಪ್ಪಿತೇ ಎಂದು ಆ ದಿನದ ಒಂದೊಂದು ಹೆಜ್ಜೆಯನ್ನೂ ನೆನೆದಳು. ಮರುದಿನ ಇಬ್ಬರು ಮುದುಕರನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದನ್ನು ಕಂಡ ಮೇಲೆ ಭಯ ಹೋಗಿ ಸಿಟ್ಟು ಬಂತು. ಕಂಪನಿಗೆ ಫೋನು ಮಾಡಿ, ಯಾರು ಯಾರಿಗೋ ಕೊಟ್ಟು ಆಟವಾಡಿಸಿದ ಮೇಲೆ, ಕೊನೆಗೆ ಸಿಕ್ಕ ಅಧಿಕಾರಿಗೆ ಹೇಳಿದಳು: "ತಪ್ಪು ನಂದಾದ್ರ ನನ್ನ ಅಂಗಡಿ ಮುಚ್ಚಸ್ರಿ. ಅವರ ಮೂಗು ಬಾಯಿ ಯಾಕ ಮುಚ್ಚತೀರಿ?" ಪರಿಶೀಲನೆಗೆ ವಿಜ್ಞಾನಿಯೊಬ್ಬರು ಬರುತ್ತಾರೆ, ಅಲ್ಲಿಯವರೆಗೆ ಸಹಕರಿಸಿ ಎಂದು ಆತ ಫೋನಿಟ್ಟ.

ಮೂರನೆಯ ದಿನ ಡಾ. ಅನಸೂಯಾ ಕಡಾಂಬಿ ಬಂದರು. ಆಲಿಬಿಲ್ಲೆಗೆ ಕನ್ನಡ ಕಲಿಸಿದ ತಂಡದ ಮುಖ್ಯಸ್ಥೆ ಅವರೇ. ಮೈಸೂರಿನ ಮೆದುಮಾತಿನ ಹೆಂಗಸು. ಯಂಕವ್ವನನ್ನೂ ಅಂಗಡಿಗೆ ಕರೆಸಿದ್ದರು. ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು, ಎರಡು ಮಾತಿಗೊಮ್ಮೆ ಏದುಸಿರು ಬಿಡುತ್ತ, ಅವಳು ಮೂಲೆಯಲ್ಲಿ ಕೂತಳು. ಕಡಾಂಬಿಯವರು ಸುಟ್ಟ ಕೊಳವೆಯನ್ನು ಮರಳಿನ ತಟ್ಟೆಯಲ್ಲಿಟ್ಟು ಬಿಚ್ಚಿದರು. ಭೂತಗನ್ನಡಿ ಹಿಡಿದು ನಿಕಲ್ ಪಟ್ಟಿ ನೋಡಿದರು, ತಂತಿ ಎಳೆದು ನೋಡಿದರು.

ಕಡೆಗೆ ಅವರು ಕನ್ನಡಿ ಕೆಳಗಿಟ್ಟು, ಜೋಡಣೆಯಲ್ಲಿ ದೋಷವಿಲ್ಲ ಎಂದು ಒಪ್ಪಿಕೊಂಡರು. ಬೆಸುಗೆ ಈಗಲೂ ಬಿಟ್ಟಿಲ್ಲ, ಪ್ಲಸ್ಸು ಮೈನಸ್ಸು ಸರಿಯಾಗಿವೆ. ಬುಡದ ರಂಧ್ರ ಇಲ್ಲದಿದ್ದರೆ ಕೊಳವೆ ಮುದುಕಿಯ ಮುಖಕ್ಕೇ ಸಿಡಿಯುತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಆದರೆ ಸೆಲ್ಲು ಕೆಟ್ಟಿದ್ದಕ್ಕೆ ಬೇರೆ ಕಾರಣ ಯಂತ್ರದ ನೆನಪಿನಲ್ಲಿದೆ ಎಂದರು. ಹೆಚ್ಚು ಕಟ್ಟಿದ ಎದೆಗೆ ಹೆಚ್ಚು ಬಿಸಿ ಬೇಕಾಗುತ್ತದೆಂದು ಯಂತ್ರದಲ್ಲಿ ಒಂಬತ್ತು ಮೆಟ್ಟಿಲುಗಳನ್ನು ಇಟ್ಟಿದ್ದರು. ರೋಗಿ ಕೇಳಿದಾಗಲೆಲ್ಲ ಒಂದೊಂದು ಮೆಟ್ಟಿಲು ಏರುತ್ತದೆ. ಯಂಕವ್ವ ಒಂದೇ ನಿಮಿಷದಲ್ಲಿ ಒಂಬತ್ತು ಸಲ ಕೇಳಿದ್ದಳು. ಅಷ್ಟು ಬೇಗ ಅಷ್ಟು ಬಿಸಿಯನ್ನು ಯಾವ ಸೆಲ್ಲೂ ತಡೆಯದು.

"ಅವರೇ ಆಸೆಪಟ್ಟು ಹೆಚ್ಚಿಗೆ ಕೇಳಿದಾರಮ್ಮ. ನಾವೇನು ಮಾಡೋಕಾಗುತ್ತೆ?" ಎಂದರು ಕಡಾಂಬಿಯವರು, ನೊಂದುಕೊಂಡೇ. ಇಂಥ ಹನ್ನೊಂದು ಘಟನೆಗಳು ಬೇರೆ ಜಿಲ್ಲೆಗಳಲ್ಲೂ ಆಗಿವೆ, ಅವೆಲ್ಲ ಕಂಪನಿಯ ಸೆಲ್ಲೇ ಇದ್ದ ಕೊಳವೆಗಳು, ಎಲ್ಲದರಲ್ಲೂ ಬಳಕೆದಾರರ ತಪ್ಪು ಎಂದು ಬರೆದುಕೊಂಡಿದ್ದೇವೆ ಎಂಬುದು ಅವರ ಬಾಯಿಂದ ಆಗಲೇ ಹೊರಬಿತ್ತು. ಅಂದರೆ ಮೊಸರು ತಿಂದ ಕೋತಿ ಹನ್ನೊಂದು ಸಲ ಮೇಕೆಯ ಬಾಯಿಗೆ ಒರೆಸಿತ್ತು, ಹನ್ನೆರಡನೆಯದಕ್ಕೆ ರಾಜಬಿ ಸಿಕ್ಕಿದ್ದಳು.

ಮೂಲೆಯಿಂದ ಯಂಕವ್ವ, ತಾನು ಹೆಚ್ಚಿಗೆ ಕೇಳಲೇ ಇಲ್ಲ, ನಿಲ್ಲಿಸು ಎಂದೇ ಹೇಳಿದ್ದು ಎಂದಳು. ಆವಿಗೆ ಮೊಮ್ಮಗಳು ಕೆಮ್ಮಿದಳು, ಅದಕ್ಕೇ ಯಂಕವ್ವ ನಡುವೆಯೇ ನಿಲ್ಲಿಸು ಎಂದಳಂತೆ. ಮುದುಕಿಗೆ ಮರೆವು ಎಂಬಂತೆ ಕಡಾಂಬಿಯವರು ತಲೆ ಆಡಿಸಿದರು. ರಾಜಬಿ ಬಿಡಲಿಲ್ಲ, ದಾಖಲೆಯನ್ನು ಓದಬೇಡಿ, ಕೇಳಿಸಿ ಎಂದು ಪಟ್ಟು ಹಿಡಿದಳು. ಯಂತ್ರದ ನೆನಪಿನಿಂದ ಯಂಕವ್ವನ ದನಿ ಹೊರಟಿತು. ಮೊದಲು ಸಮಾಧಾನದಲ್ಲಿ, ಆಮೇಲೆ ಗಾಬರಿಯಲ್ಲಿ, ಕಡೆಗೆ ಚೀರುತ್ತ, ಒಂದೇ ಮಾತು: "ದೀಪ ದೊಡ್ಡದು ಮಾಡವಾ. ದೊಡ್ಡದು ಮಾಡು. ಏ, ದೊಡ್ಡದು ಮಾಡಂತೀನಿ."

"ಕೇಳಿದ್ರಲ್ಲ," ಎಂದರು ಕಡಾಂಬಿಯವರು.

ರಾಜಬಿ ಅವರ ಮುಖವನ್ನೇ ನೋಡಿದಳು. ಈ ಹೆಂಗಸಿಗೆ ನಿಜವಾಗಿಯೂ ತಿಳಿಯಲಿಲ್ಲ ಎಂಬುದನ್ನು ಅವಳಿಗೆ ನಂಬಲಾಗಲಿಲ್ಲ. "ಬಾಯಾರ, ಸಂಜಿ ಹೊತ್ತಿನಾಗ, ಬಸುರಿ ಹೆಣ್ಮಗಳ ಮುಂದ, ಯಾರರ ದೀಪ ಆರಿಸು ಅಂತಾರೇನ್ರಿ? ದೊಡ್ಡದು ಮಾಡು ಅಂತಾರ. ನಮ್ಮ ನದಾಫರ ಮನ್ಯಾಗೂ ಹಂಗ ಅಂತೀವಿ. ಆಕಿ ಒಂಬತ್ತು ಸಲ ಆರಿಸು ಅಂದಾಳ, ನಿಮ್ಮ ಯಂತ್ರ ಒಂಬತ್ತು ಸಲ ಬೆಂಕಿ ಹಚ್ಚೇತಿ."

ಕಡಾಂಬಿಯವರ ಮುಖ ಬಿಳಿಚಿತು. ಸಾವಿರಾರು ಗಂಟೆಗಳ ಕನ್ನಡ ಕೇಳಿಸಿ ಕಲಿಸಿದ್ದೇವೆ ಎಂದರು. ವಾರ್ತೆ, ಪಾಠ, ಭಾಷಣ, ದೂರವಾಣಿ ಸಂಭಾಷಣೆ, ಏನೂ ಬಿಟ್ಟಿಲ್ಲ. ನಿಲ್ಲಿಸಲಿಕ್ಕೆ 'ಸ್ಥಗಿತಗೊಳಿಸು', 'ಆರಿಸು' ಎಂಬ ಎರಡು ಪದ ಪುಸ್ತಿಕೆಯಲ್ಲೇ ಇವೆ. ತಮ್ಮ ಅಜ್ಜಿಯೂ ದೀಪಕ್ಕೆ ಹಾಗೆಯೇ ಹೇಳುತ್ತಿದ್ದರೆಂದು ಅವರಿಗೆ ಆಗ ನೆನಪಾಯಿತು. ಹನ್ನೊಂದು ದಾಖಲೆಗಳನ್ನೂ ಅಲ್ಲಿಯೇ ಕೂತು ತೆರೆಸಿದರು. ಎಂಟರಲ್ಲಿ ಅದೇ ಮಾತು, ಎಲ್ಲರೂ ಮುದುಕಿಯರು.

"ಬದುಕಲಿ ಅಂತ ಆಡೋ ಮಾತಿಗೆ ಸುಟ್ಟು ಹಾಕಿದ್ರಲ್ರಿ," ಎಂದಳು ಯಂಕವ್ವ. ಕಡಾಂಬಿಯವರು ಅಲ್ಲಿಂದಲೇ ಫೋನು ಹಚ್ಚಿ, ಮೇಲಿನವರೊಡನೆ ದನಿ ಏರಿಸಿ ಮಾತಾಡಿ, ಮಧ್ಯಾಹ್ನದೊಳಗೆ ಉಳಿದ ಕೊಳವೆಗಳನ್ನೆಲ್ಲ ಎಬ್ಬಿಸಿದರು.

ಕಂಪನಿ ಕ್ಷಮೆ ಕೇಳಿತೆಂದು ಯಾರಾದರೂ ತಿಳಿದರೆ ಅವರಿಗೆ ಕಂಪನಿಗಳ ಪರಿಚಯವಿಲ್ಲ. ತಿಂಗಳ ನಂತರ ಸುತ್ತೋಲೆ ಬಂತು. ಇನ್ನು ಮುಂದೆ 'ದೊಡ್ಡದು ಮಾಡು' ಎಂದರೆ ಯಂತ್ರ ನಿಲ್ಲುತ್ತದೆ. ಜನರ ಭಾವನೆಗಳಿಗೆ ಗೌರವ ಕೊಟ್ಟು ಯಂತ್ರದ ಮಾತನ್ನೂ ತಿದ್ದಲಾಗಿದೆ. ಅಲ್ಲಿಯವರೆಗೆ ಸೆಲ್ಲು ಸೋತಾಗ ಯಂತ್ರ "ಕೋಶ ಸತ್ತಿದೆ" ಎನ್ನುತ್ತಿತ್ತು, ರೋಗಿಗಳು ಅದನ್ನು ಕೇಳಿ ಎದೆ ಹಿಡಿದುಕೊಳ್ಳುತ್ತಿದ್ದರು. ಇನ್ನು "ಕೋಶ ದೊಡ್ಡದಾಗಿದೆ" ಎನ್ನುತ್ತದೆ. ಅದರ ಕೆಳಗೆ, ಹೊರಗಿನ ದುರಸ್ತಿಗಾರರು ಕೊಳವೆ ತೆರೆಯುವುದಕ್ಕೆ ನಿಷೇಧ ಮುಂದುವರಿಯುತ್ತದೆ, ಇನ್ನು ಮೇಲೆ ತೆರೆದ ಕೊಳವೆಯನ್ನು ಮತ್ತೆ ಎಬ್ಬಿಸುವುದಿಲ್ಲ ಎಂದಿತ್ತು. ರಾಜಬಿ ಓದಿ ಕಾಗದವನ್ನು ಮುದ್ದೆ ಮಾಡಿ ಎಸೆದಳು. ಅವಳ ಹೆಸರಿನ ಕಳಂಕ ತೊಳೆದು ಕೊಟ್ಟು ಕೈ ಕಟ್ಟಿಹಾಕಿದ್ದರು. ಇನ್ನು ಸೆಲ್ಲು ಸೋತವರೆಲ್ಲ ಮತ್ತೆ ಇಪ್ಪತ್ತೊಂದು ದಿನ ಏದುಸಿರು ಬಿಡಬೇಕು.

ಮೊದಲು ಸೋತದ್ದು ಒಬ್ಬ ಕಲ್ಲುಕುಟಿಗನ ಕೊಳವೆ. ಅವನು ಅದನ್ನು ಹಿಡಿದು ಬಂದಾಗ ಅದು ಮೆಲ್ಲನೆ "ಕೋಶ ದೊಡ್ಡದಾಗಿದೆ" ಎಂದಿತು. ಆಗದು ಎಂದು ತಿರುಗಿಸಿ ಕಳಿಸಲು ಹೊರಟ ರಾಜಬಿ, ಏನೋ ಹೊಳೆದವಳಂತೆ, ಮೂಲೆಯಲ್ಲಿ ಬಿದ್ದಿದ್ದ ಸುತ್ತೋಲೆಯನ್ನು ಬಿಡಿಸಿ ಓದಿದಳು. ನಿಷೇಧಕ್ಕೆ ಒಂದು ವಿನಾಯಿತಿ ಇತ್ತು. ಉಬ್ಬಿ ದೊಡ್ಡದಾದ ಕೋಶ ಅಪಾಯಕಾರಿ, ಅದನ್ನು ಅಂಚೆಯಲ್ಲಿ ಕಳಿಸಕೂಡದು, ತರಬೇತಾದ ಹತ್ತಿರದ ದುರಸ್ತಿಗಾರರು ಅದೇ ದಿನ ತೆಗೆದು ಬೇರೆ ಹಾಕತಕ್ಕದ್ದು. ಕೋಶ ದೊಡ್ಡದಾಗಿದೆಯೇ ಎಂಬ ಬಗ್ಗೆ ಯಂತ್ರದ ಮಾತೇ ಅಂತಿಮ, ದುರಸ್ತಿಗಾರರ ಕಣ್ಣಂದಾಜು ನಡೆಯದು.

ಆ ತಿಂಗಳು ಅವಳ ಅಂಗಡಿಯಲ್ಲಿ ಮೂವತ್ತೊಂದು ಕೋಶಗಳು ದೊಡ್ಡದಾದವು. ಎಲ್ಲವೂ ಕಡ್ಡಿಯ ಹಾಗೆ ನೆಟ್ಟಗಿದ್ದವು. ಪ್ರತಿಯೊಂದಕ್ಕೂ ಕಂಪನಿಯೇ ದೂರದಿಂದ ಅನುಮತಿ ಕೊಟ್ಟಿತು, ಯಂತ್ರದ ಮಾತಿಗೆ ಎದುರಾಡಲು ಅದಕ್ಕೂ ದಾರಿಯಿರಲಿಲ್ಲ. ರಾಜ್ಯದ ತುಂಬ ಇದೇ ಕಥೆ ನಡೆದಾಗ ಅದೇ ಅಧಿಕಾರಿ ಫೋನು ಮಾಡಿದ. ಅವು ಬರಿ ಸೋತ ಸೆಲ್ಲುಗಳು, ಉಬ್ಬಿಲ್ಲ, ಅದು ಮರ್ಯಾದೆಗೆ ಆಡುವ ಮಾತು ಎಂದು ಸಿಡಿಮಿಡಿಗೊಂಡ.

"ಹೌದೇನ್ರಿ?" ಎಂದಳು ರಾಜಬಿ. ಮುಂದೆ ಹನ್ನೆರಡು ಜನ ಬೆಂಚಿನ ಮೇಲೆ ಕಾಯುತ್ತಿದ್ದರು. "ನಮಗೇನ್ ತಿಳೀತದ್ರಿ, ಯಂತ್ರ ಹೇಳಿದ್ದು ನಾವು ಕೇಳೂದು." ಫೋನನ್ನು ಬದಿಗಿಟ್ಟು, ಮೀಟರನ್ನು ಹೊಸ ಸೆಲ್ಲಿಗೆ ಹಿಡಿದು, ಎರಡನೆಯ ಸಲ ನೋಡಿದಳು.